ಚಾಂಪಿಯನ್ನಿನ ಸೋದರಮಾವ

ಇನ್ನೊಬ್ಬರ ಗೆಲುವಿನಲ್ಲಿ ಪಾಲು ಕೇಳಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೋತವನಿಗೆ ನೋಡಿ, ಬಂಧುಗಳೇ ಇರುವುದಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಒಬ್ಬನೇ ಬಸ್ಸಿಳಿದು ಮನೆಗೆ ನಡೆದು ಬರುತ್ತಾನೆ. ಪಾಸಾದವನ ಹಿಂದೆ ಮಾತ್ರ ಎರಡು ಟೆಂಪೊ ತುಂಬುವಷ್ಟು ಮಂದಿ. ಅವರಲ್ಲಿ ಒಬ್ಬ ಅವನಿಗೆ ಪೆನ್ನು ಕೊಟ್ಟವನು, ಒಬ್ಬ ಅವನ ಕಿವಿ ಹಿಂಡಿದವನು, ಇನ್ನೊಬ್ಬ ಅವನ ಅಜ್ಜನಿಗೆ ಎಮ್ಮೆ ಮಾರಿದವನು. ಈ ವಿಷಯದಲ್ಲಿ ನಮ್ಮ ಅವಳಿ ನಗರದವರನ್ನು ಮೀರಿಸುವವರು ಇಲ್ಲವೆಂದೇ ನನ್ನ ಅಭಿಪ್ರಾಯ. ಯಾರೋ ದೊಡ್ಡ ಮನುಷ್ಯರು ರೈಲು ತಪ್ಪಿಸಿಕೊಂಡು ಒಂದು ಮಧ್ಯಾಹ್ನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಿರಮಿಟ್ಟು ತಿಂದಿದ್ದರೆ ಸಾಕು, ಅವರ ಮುಂದಿನ ಸಾಧನೆಗಳೆಲ್ಲ ಆ ಗಿರಮಿಟ್ಟಿನ ಖಾತೆಗೆ ಬೀಳುತ್ತವೆ. ಧಾರವಾಡದವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಊರಿನ ಹವಾಕ್ಕೇ ಎಲ್ಲವನ್ನೂ ಬರೆದುಕೊಡುತ್ತಾರೆ. ಅದೇ ಹವಾ ಹುಟ್ಟಿದಾಗಿನಿಂದ ಕುಡಿಯುತ್ತಿರುವ ತಾವು ಏಕೆ ಏನೂ ಆಗಲಿಲ್ಲ ಎಂಬ ಪ್ರಶ್ನೆ ಮಾತ್ರ ಅವರಿಗೆ ಹೊಳೆಯುವುದಿಲ್ಲ.

ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿ. ಬಂದವರಿಗೆಲ್ಲ ಇಲ್ಲ ಎನ್ನುವುದೇ ಕೆಲಸವಾದ್ದರಿಂದ ಸ್ವಭಾವಕ್ಕೆ ಸ್ವಲ್ಪ ಒಗರು ಹತ್ತಿಕೊಂಡಿದೆ. ಮನೆ ರಾಯಾಪುರದಲ್ಲಿ. ನಮ್ಮ ಬಡಾವಣೆಯನ್ನು ಹುಬ್ಬಳ್ಳಿಯವರು ಧಾರವಾಡಕ್ಕೆ ಸೇರಿಸುತ್ತಾರೆ, ಧಾರವಾಡದವರು ಹುಬ್ಬಳ್ಳಿಗೆ ದೂಡುತ್ತಾರೆ. ಹೀಗೆ ಎರಡೂ ಊರಿನವರನ್ನು ದೂರದಿಂದ ನೋಡಿ ನಗುವ ಸೌಕರ್ಯ ನಮಗೆ ಪುಕ್ಕಟೆ ಸಿಕ್ಕಿದೆ. ಮನೆಯಲ್ಲಿ ನಾನು, ಹೆಂಡತಿ ಸುಮಿತ್ರಾ, ಅವಳ ತಾಯಿ ಗಂಗವ್ವ. ನಮ್ಮ ಅತ್ತೆ ನಿಜವಾಗಿ ಕಮರಿಪೇಟೆಯಲ್ಲಿ ಮಗನ ಮನೆಯಲ್ಲಿರಬೇಕಾದವರು. ಆ ಮನೆಯ ಮೆಟ್ಟಿಲು ಅವರ ಮೊಣಕಾಲಿಗೆ ಒಗ್ಗಲಿಲ್ಲವೆಂದು ನಮ್ಮಲ್ಲಿಗೆ ಬಂದರು. ಮೆಟ್ಟಿಲಿನ ಜೊತೆಗೆ ಮಗನೂ ಒಗ್ಗಲಿಲ್ಲ ಎಂಬುದು ನನ್ನ ಅನುಮಾನ. ಆ ಮಗ, ಅಂದರೆ ನನ್ನ ಹೆಂಡತಿಯ ಅಣ್ಣ ಬಸವರಾಜ, ಹತ್ತಿ ವ್ಯಾಪಾರಿ. ಎಲ್ಲರೂ ಕರೆಯುವಂತೆ ಬಸಣ್ಣ. ಹತ್ತಿಯನ್ನು ಅರಳೆ ಮಾಡಿದಂತೆ ಯಾವ ಸಣ್ಣ ಸಂಗತಿಯನ್ನೂ ಕೋಣೆ ತುಂಬುವಷ್ಟು ಉಬ್ಬಿಸಬಲ್ಲ ಮನುಷ್ಯ.

ಒಂದು ಸೋಮವಾರ ಬೆಳಿಗ್ಗೆ ನಾನು ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದಾಗ ಅವನ ಫೋನು ಬಂತು.

"ಸಾಹೇಬ್ರ, ಟಿವಿ ಹಚ್ರಿ! ನಮ್ಮ ಇರಾ ಗೆದ್ದಾಳ!"

"ಯಾವ ಇರಾ?" ಎಂದೆ.

"ಏನ್ರಿ ಹಿಂಗ ಕೇಳ್ತೀರಿ! ಶಾಂತವ್ವ ಚಿಗವ್ವನ ಮೊಮ್ಮಗಳು ಇರಾ. ಗಾಲ್ಫ್‌ನ್ಯಾಗ ಮೇಜರ್ ಚಾಂಪಿಯನ್ ಆಗ್ಯಾಳ. ಜಗತ್ತಿನ್ಯಾಗಿನ ದೊಡ್ಡ ದೊಡ್ಡವ್ರನ್ನೆಲ್ಲಾ ಹಿಂದ ಹಾಕ್ಯಾಳ. ನಾ ಅಕಿ ಸ್ವಂತ ಸೋದರಮಾವ!"

ಸೋಪಿನ ನೊರೆ ಒಣಗುವವರೆಗೂ ನಾನು ಸಂಬಂಧದ ಲೆಕ್ಕ ಹಾಕುತ್ತ ನಿಂತೆ. ಶಾಂತವ್ವ ನಮ್ಮ ಅತ್ತೆಯ ಬೆನ್ನಿಗೆ ಬಿದ್ದ ತಂಗಿ. ಮದುವೆಯಾಗಿ ಪುಣೆಗೆ ಹೋಗಿದ್ದರು, ಹೋದ ವರ್ಷ ಅಲ್ಲೇ ತೀರಿಕೊಂಡರು. ಇರಾ ಅವರ ಮಗಳ ಮಗಳು. ಆ ಲೆಕ್ಕದಲ್ಲಿ ನನ್ನ ಹೆಂಡತಿ ಅವಳಿಗೆ ಮೌಶಿ, ಅಂದರೆ ಚಿಕ್ಕಮ್ಮ, ನಾನು ಕಾಕಾ, ಬಸಣ್ಣ ಮಾಮಾ ನಿಜ. ಆದರೆ ಈ ಸೋದರಮಾವ ಸೊಸೆಗೆ ಮಾಡಿದ ಉಪಕಾರ ಒಂದೇ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ, ಇರಾ ಆಗಿನ್ನೂ ಸಾಲೆಗೆ ಹೋಗುವ ಹುಡುಗಿ, ಅವಳ ತಾಯಿಯನ್ನು ಊಟದ ಪಂಕ್ತಿಯಲ್ಲೇ ನಿಲ್ಲಿಸಿಕೊಂಡು, "ಹೆಣ್ಣ ಹುಡುಗಿ ಕೈಯಾಗ ಕೋಲ ಕೊಟ್ಟು ಬಿಸಲಾಗ ಅಡ್ಡಾಡಸ್ತೀಯಲ್ಲ, ಕರ್ರಗಾದ್ರ ನಾಳೆ ಯಾರ್ ಮಾಡ್ಕೊಂತಾರ?" ಎಂದು ಹತ್ತು ಮಂದಿಗೆ ಕೇಳುವಂತೆ ಬೈದಿದ್ದ. ತಾಯಿ, ಮಗಳು, ಶಾಂತವ್ವ ಮೂವರೂ ಹೋಳಿಗೆ ಬಡಿಸುವುದಕ್ಕೆ ಮುಂಚೆಯೇ ಎದ್ದು ಹೋದರು. ಶಾಂತವ್ವ ಮತ್ತೆ ಹುಬ್ಬಳ್ಳಿಯ ಕಡೆ ತಲೆ ಹಾಕಲಿಲ್ಲ. ನಮ್ಮ ಅತ್ತೆಗೆ ಮೊಣಕಾಲಿನಿಂದಾಗಿ ಪುಣೆಗೆ ಹೋಗಲಾಗಲಿಲ್ಲ. ಹೀಗೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕ ತಂಗಿ ಕಡೆಗಾಲದಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇದನ್ನೆಲ್ಲ ಬಸಣ್ಣ ಮರೆತಿದ್ದ. ಮರೆಯುವುದರಲ್ಲೂ ಅವನು ಹೋಲ್‌ಸೇಲ್ ವ್ಯಾಪಾರಿ.

ಟಿವಿ ಹಚ್ಚಿದೆವು. ಕಣ್ಣು ಹಾಯುವವರೆಗೂ ಹಸಿರು. ನಡುವೆ ಟೊಪ್ಪಿಗೆ ಹಾಕಿದ ತೆಳ್ಳಗಿನ ಹುಡುಗಿ ಬಗ್ಗಿ ಚೆಂಡನ್ನು ನೋಡುತ್ತಾಳೆ, ಹಿಂದೆ ಸರಿಯುತ್ತಾಳೆ, ಮತ್ತೆ ಬಗ್ಗುತ್ತಾಳೆ. ಸುತ್ತ ನಿಂತ ಜನ ಸೂತಕದ ಮನೆಗೆ ಬಂದವರಂತೆ ಗಪ್‌ಚಿಪ್. ಆಮೇಲೆ ಮೆಲ್ಲಗೆ ಒಂದು ಏಟು, ಚೆಂಡು ಉರುಳಿ ಕುಳಿಯೊಳಗೆ ಬಿತ್ತು, ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟಕ್ಕೆ ಜಗತ್ತಿನ ಚಾಂಪಿಯನ್ನು! ನಾನು ಇಷ್ಟು ವರ್ಷ ಗಾಲ್ಫ್ ಎಂದರೆ ಕಾಲರ್ ಇರುವ ಒಂದು ಜಾತಿಯ ಟೀ ಶರ್ಟ್ ಎಂದೇ ತಿಳಿದಿದ್ದವನು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಎಷ್ಟ ಛಲೋ ಹುಲ್ಲ ಐತಿ. ಒಂದ ದನಾನೂ ಬಿಟ್ಟಿಲ್ಲಲ್ಲ ಪಾಪ," ಎಂದರು.

ಸಂಜೆಗೆ ಬಸಣ್ಣ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಇಡೀ ದಿನ ಮೊಬೈಲಿನಲ್ಲಿ ಗಾಲ್ಫ್ ಕಲಿತಿದ್ದ. ನಮಗೆ ಪಾಠ ಶುರುವಾಯಿತು.

"ಇದರಾಗ ಯಾರು ಕಡಿಮಿ ಹೊಡೀತಾರ, ಅವ್ರ ಗೆದ್ದಂಗವಾ," ಎಂದು ತಾಯಿಗೆ ವಿವರಿಸಿದ.

ಅತ್ತೆ ಪೇಡೆ ಚಪ್ಪರಿಸುತ್ತ ಸ್ವಲ್ಪ ಯೋಚಿಸಿದರು. "ಕಡಿಮಿ ಕೆಲಸಾ ಮಾಡಿದವ್ರು ಗೆಲ್ಲೂದಾದ್ರ ಬಸೂ, ನೀ ಎಂದೋ ಗೆಲ್ಲಬೇಕಾಗಿತ್ತಲ್ಲೋ," ಎಂದರು.

ಬಸಣ್ಣ ಕೇಳಿಸಿಕೊಳ್ಳಲಿಲ್ಲ. ಇರಾಳ ಮಣಿಕಟ್ಟಿನ ಬಲದ ಬಗ್ಗೆ ಯಾರೋ ಪರದೇಶದ ಪಂಡಿತ ಹೊಗಳಿದ್ದನ್ನು ಅವನು ಓದಿದ್ದ. "ಮಣಿಕಟ್ಟ ಯಾರದು ಅಂತೀರಿ? ನಮ್ಮ ಮನಿತನದ್ದು! ತಲತಲಾಂತರದಿಂದ ಜೋಳದ ರೊಟ್ಟಿ ಬಡದ ಕೈ ಅವು. ಆ ಬಲಾನ ಅಕಿಗಿ ಬಂದೈತಿ," ಎಂದ.

"ನಮ್ಮ ಶಾಂತಿ ರೊಟ್ಟಿ ಎಂದೂ ದುಂಡಗ ಆಗಲಿಲ್ಲ," ಎಂದರು ಅತ್ತೆ. "ಹರದ ಹೋಗ್ತಿದ್ದೂವು. ಅದಕ್ಕ ನಮ್ಮವ್ವ ಅಕಿಗಿ ಪಲ್ಯಾ ಮಾಡಾಕ ಹಚ್ಚತಿದ್ಲು." ಹೇಳಿ ಸುಮ್ಮನಾದರು. ತಂಗಿಯ ಹೆಸರು ಬಾಯಿಗೆ ಬಂದಾಗಲೆಲ್ಲ ಅವರು ಹೀಗೆ ಸುಮ್ಮನಾಗುತ್ತಿದ್ದರು.

ಎರಡೇ ದಿನದಲ್ಲಿ ಕಮರಿಪೇಟೆಯಲ್ಲಿ ಬ್ಯಾನರ್ ಎದ್ದಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಫೋಟೊ ಬಸಣ್ಣನದು. ಕಪ್ಪು ಕನ್ನಡಕ, ಎದೆಯ ಮೇಲೆ ಮುಗಿದ ಕೈ, ಕೆಳಗೆ ಬಂಗಾರದ ಅಕ್ಷರದಲ್ಲಿ 'ಚಾಂಪಿಯನ್ನಿನ ಸೋದರಮಾವ'. ಅದಕ್ಕಿಂತ ಸ್ವಲ್ಪ ಸಣ್ಣದು ಅವರ ವಾರ್ಡಿನ ಮಾಜಿ ಕಾರ್ಪೊರೇಟರದು. ಮೂಲೆಯಲ್ಲಿ, ಶುಭ ಕೋರುವವರ ಪಾಸ್‌ಪೋರ್ಟ್ ಫೋಟೊಗಳ ಸಾಲಿನ ಮೇಲೆ, ಇರಾ. ಬ್ಯಾನರ್ ಮಾಡಿದವನಿಗೆ ಗಾಲ್ಫ್ ಕೋಲಿನ ಚಿತ್ರ ಸಿಕ್ಕಿರಲಿಲ್ಲವೇನೋ, ಅವಳ ಕೈಗೆ ಹಾಕಿ ಸ್ಟಿಕ್ ಅಂಟಿಸಿದ್ದ. ನಾನು ಬ್ಯಾಂಕಿಗೆ ಹೋಗುವ ದಾರಿ ಬದಲಿಸಿ ಸುತ್ತು ಹಾಕಿಕೊಂಡು ಹೋಗಿ ಅದನ್ನು ನೋಡಿಬಂದೆ. ತಿರಸ್ಕಾರ ಮಾಡುವುದಕ್ಕೂ ಕಣ್ಣಾರೆ ಕಂಡಿರುವುದು ಒಳ್ಳೆಯದು. ವರದಿಗಾರನೊಬ್ಬನಿಗೆ ಬಸಣ್ಣ, ಇರಾ ಸಣ್ಣವಳಿದ್ದಾಗ ತಮ್ಮ ಅಂಗಳದಲ್ಲಿ ಲಿಂಬೆಹಣ್ಣನ್ನು ಲಟ್ಟಣಿಗೆಯಿಂದ ಹೊಡೆಯುತ್ತಿದ್ದಳು, ಆಗಲೇ ತಾನು ಪ್ರತಿಭೆ ಗುರುತಿಸಿದ್ದೆ ಎಂದು ಹೇಳಿದ್ದ. ಅವಳು ಆ ಮನೆಗೆ ಬಂದದ್ದು ಒಂದೇ ಸಲ, ಕೈಗೂಸಾಗಿದ್ದಾಗ. ಬಂದಷ್ಟು ಹೊತ್ತೂ ಅತ್ತಿದ್ದಳು. ಪ್ರತಿಭೆ ಇದ್ದದ್ದು ನಿಜವೇ ಅನ್ನಿಸುತ್ತದೆ.

ತಿಂಗಳೊಪ್ಪತ್ತಿನ ಮೇಲೆ ಇರಾಳೇ ಸುಮಿತ್ರಾಗೆ ಫೋನು ಮಾಡಿದಳು. ಪುಣೆಗೆ ಬಂದಿದ್ದೇನೆ, ಗಂಗಜ್ಜಿಯನ್ನು ನೋಡಬೇಕು, ಒಂದು ಮಧ್ಯಾಹ್ನ ಬಂದುಹೋಗುತ್ತೇನೆ, ಸನ್ಮಾನ ಗಿನ್ಮಾನ ಏನೂ ಬೇಡ, ಸಾಕಾಗಿ ಹೋಗಿದೆ ಎಂದಳು. ಕನ್ನಡದಲ್ಲೇ ಮಾತಾಡಿದಳು, ಅದೂ ಶಾಂತವ್ವನ ಹಳೆಯ ಕನ್ನಡ. ಸುಮಿತ್ರಾ ಸ್ಪೀಕರ್ ಹಾಕಿದ್ದಳು. ಒಳಗಿನ ಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು, "ಶಾಂತೀನ ಮಾತಾಡಿದಂಗ ಆತಲ್ಲ," ಎಂದು ನಿಂತೇಬಿಟ್ಟರು. ಆ ಹೊತ್ತಿನಿಂದ ಅವರಿಗೆ ಬೇರೆ ಮಾತಿಲ್ಲ. ಹುಡುಗಿಗೆ ತಾನೇ ಕೈಯಾರೆ ಉಣಿಸಬೇಕು, ಶಾಂತಿ ಕಡೆಗೆ ಏನು ಹೇಳಿದಳು ಎಂದು ಕೇಳಬೇಕು, ಬೇರೆ ಯಾರೂ ಇರಬಾರದು. "ಬಸೂಗ ಹೇಳಬ್ಯಾಡ್ರಿ," ಎಂದು ನನ್ನ ಕೈ ಹಿಡಿದು ಕೇಳಿಕೊಂಡರು. ನಾನು ಮಾತು ಕೊಟ್ಟೆ. ಬ್ಯಾಂಕಿನ ಅಧಿಕಾರಿ ಕೊಟ್ಟ ಮಾತಿಗೆ ಎಷ್ಟು ಬೆಲೆಯೆಂದು ನಿಮಗೆ ಗೊತ್ತಿರಬಹುದು. ನಾನು ಯಾರಿಗೂ ಹೇಳಲಿಲ್ಲ. ಬರೀ ಬ್ಯಾಂಕಿನಲ್ಲಿ ರಜೆ ಕೇಳುವಾಗ ಕಾರಣ ಹೇಳಿದೆ, ಅಷ್ಟೇ. ಮಧ್ಯಾಹ್ನದೊಳಗೆ ಅದು ಹತ್ತಿ ಮಾರುಕಟ್ಟೆ ಮುಟ್ಟಿತ್ತು.

ಅವಳು ಬರುವ ದಿನ ನಮ್ಮ ಬೀದಿಯಲ್ಲಿ ಮುಂಜಾನೆಯೇ ಒಂದು ಶಾಮಿಯಾನ ಎದ್ದಿತು. ನಮ್ಮ ಗೇಟಿಗೆ ಬಾಳೆಕಂಬ. ನಡುಮನೆಯ ಸೋಫಾ ಹೊರಗೆ ಹೋಯಿತು, ಪ್ಲಾಸ್ಟಿಕ್ ಕುರ್ಚಿಗಳು ಒಳಗೆ ಬಂದವು. ನಾನು ಬಾಗಿಲಲ್ಲಿ ನಿಂತು, "ಬಸಣ್ಣಾರ, ಅಕಿ ಸನ್ಮಾನ ಬ್ಯಾಡ ಅಂದಾಳ್ರಿ," ಎಂದೆ.

"ಬ್ಯಾಡ ಅನ್ನೂದು ಅಕಿ ದೊಡ್ಡಗುಣ ಸಾಹೇಬ್ರ," ಎಂದ ಅವನು, ನನ್ನನ್ನು ಪಕ್ಕಕ್ಕೆ ಸರಿಸುತ್ತ. "ಮಾಡೂದು ನಮ್ಮ ದೊಡ್ಡಗುಣ."

ಹುಡುಗಿ ಕಾರಿನಿಂದ ಇಳಿದಾಗ ನನಗೆ ಪಾಪ ಅನ್ನಿಸಿತು. ಇಪ್ಪತ್ತರ ಆಜುಬಾಜು ವಯಸ್ಸು, ಚೂಡಿದಾರ, ಕೈಯಲ್ಲಿ ಸಣ್ಣ ಚೀಲ. ಶಾಮಿಯಾನದಲ್ಲಿ ಬ್ಯಾಂಜೊ ಬಾರಿಸುವ ವಾದ್ಯದವರನ್ನು ನೋಡಿ ಒಂದು ಗಳಿಗೆ ಮತ್ತೆ ಕಾರು ಹತ್ತಲೇ ಎಂಬಂತೆ ಹಿಂದೆ ನೋಡಿದಳು. ಕಾರು ಹೊರಟುಹೋಗಿತ್ತು. ಅವಳನ್ನು ಕುರ್ಚಿಯಲ್ಲಿ ಕೂಡಿಸಿ ಶಾಲಿನ ಮೇಲೆ ಶಾಲು ಹೊದಿಸಿದರು. ಬಿಸಿಲುಗಾಲದ ಮಧ್ಯಾಹ್ನ, ನಿಂತು ನಿಂತು ತಿರುಗುವ ಫ್ಯಾನು, ಕುತ್ತಿಗೆಯವರೆಗೆ ಉಣ್ಣೆ. ಮಾಜಿ ಕಾರ್ಪೊರೇಟರು ಮೈಕು ಹಿಡಿದು, ಕುದುರೆಯ ಮೇಲೆ ಕೂತು ಆಡುವ ಇಂಥ ಕಠಿಣ ಆಟದಲ್ಲಿ ನಮ್ಮ ಹೆಣ್ಣುಮಗಳು ಗೆದ್ದದ್ದು ಕಿತ್ತೂರಿನ ನೆಲದ ಗುಣ ಎಂದರು. ಯಾರೋ ಅವರ ಕಿವಿಯಲ್ಲಿ ಅದು ಬೇರೆ ಆಟ ಎಂದಾಗ, "ಕುದುರೆ ಇಲ್ಲದೆಯೂ ಗೆದ್ದಿದ್ದಾಳೆ ಅಂದರೆ ಇನ್ನೂ ದೊಡ್ಡ ಸಾಧನೆ," ಎಂದು ಮುಂದುವರಿಸಿದರು. ಆಮೇಲೆ ಫೋಟೊ. ಅವಳ ಪಕ್ಕದ ಜಾಗಕ್ಕೆ ನಡೆದ ನೂಕಾಟದಲ್ಲಿ ನಮ್ಮ ತುಳಸಿ ಕುಂಡ ಒಡೆಯಿತು. ಅತ್ತೆ ಇಷ್ಟು ಹೊತ್ತೂ ಒಳಗಿನ ಕೋಣೆಯ ಹೊಸ್ತಿಲಲ್ಲಿ ಹೊಸ ಇಲಕಲ್ ಸೀರೆ ಉಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದರು. ಮಂದಿಯ ಬೆನ್ನು ಬಿಟ್ಟು ಅವರಿಗೆ ಇನ್ನೇನೂ ಕಾಣುತ್ತಿರಲಿಲ್ಲ. ಸುಮಿತ್ರಾ ನನ್ನತ್ತ ನೋಡಿದ ನೋಟವನ್ನು ಬರೆಯದಿರುವುದೇ ಮೇಲು.

ಅಷ್ಟಕ್ಕೂ ಬಸಣ್ಣನಿಗೆ ತೃಪ್ತಿಯಾಗಲಿಲ್ಲ. ನಮ್ಮ ಮನೆಯ ಎದುರಿಗೆ ಮಾರಾಟವಾಗದ ಸೈಟುಗಳ ಉದ್ದನೆಯ ಬಯಲಿದೆ. ಅಲ್ಲಿ ಅವಳು ಒಂದು ಹೊಡೆತ ಹೊಡೆಯಬೇಕು, ಅದನ್ನು ವಿಡಿಯೊ ಮಾಡಬೇಕು. ಅದಕ್ಕಾಗಿ ಅವನು ಒಂದು ಹಾಕಿ ಸ್ಟಿಕ್ಕನ್ನು ಹುಡುಕಿ ತಂದಿದ್ದ. ಬ್ಯಾನರಿನ ತಪ್ಪನ್ನು ನಿಜ ಮಾಡಿ ತೋರಿಸುವ ಹಟವೋ ಏನೋ. ಜೊತೆಗೊಂದು ಬಿಳಿ ಚೆಂಡು. ಎರಡನ್ನೂ ಅವಳ ಕೈಗಿತ್ತು ಗೇಟಿನ ಹೊರಗೆ ಕರೆತಂದ.

"ಒಂದ ಹೊಡತಾ, ಒಂದ! ನಿಮ್ಮ ಮಾಮಾನ ಮಾನ ಉಳಸವಾ," ಎಂದ.

ಇರಾ ಸ್ಟಿಕ್ಕನ್ನು ತಿರುಗಿಸಿ ನೋಡಿದಳು. ಬಯಲನ್ನು ನೋಡಿದಳು. ತೆರೆದ ಬಾಗಿಲೊಳಗೆ ಹೊಸ್ತಿಲಲ್ಲಿ ಕೂತಿದ್ದ ಅತ್ತೆಯ ಕಡೆಗೂ ಒಮ್ಮೆ ಕಣ್ಣು ಹೋಯಿತು. "ಆತು ಮಾಮಾ, ಹೊಡೀತೀನಿ. ಆದ್ರ ಚೆಂಡ ಭಾಳ ಜೋರ್ ಬರ್ತೈತ್ರಿ, ಯಾರಿಗರೆ ಬಡದ್ರ ಕಷ್ಟ. ಎಲ್ಲಾರೂ ಆ ತುದಿಗೆ ಹೋಗಿ ನಿಲ್ರಿ," ಎಂದಳು.

ಮಂದಿ ಹೊರಟಿತು. ಕರೆಂಟ್ ಕಂಬದ ಹತ್ತಿರ ನಿಂತು ಕೈ ಬೀಸಿದರು. ಅವಳು ಇನ್ನೂ ಹಿಂದೆ ಎಂದು ಸನ್ನೆ ಮಾಡಿದಳು. ಜಾಲಿಯ ಗಿಡದ ಹತ್ತಿರ ಹೋದರು. ಇನ್ನೂ ಹಿಂದೆ. ಮಾಜಿ ಕಾರ್ಪೊರೇಟರು ಪಂಚೆ ಎತ್ತಿ ಹಿಡಿದುಕೊಂಡು, ಬಸಣ್ಣ ಕರವಸ್ತ್ರ ತಲೆಗೆ ಹಾಕಿಕೊಂಡು, ಬ್ಯಾಂಜೊದವರೂ ಫೋಟೊದವರೂ ಒಬ್ಬರ ಹಿಂದೊಬ್ಬರು, ಬಯಲಿನ ಆ ತುದಿಯ ಕಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತರು. ಇಲ್ಲಿಂದ ನೋಡಿದರೆ ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ. ಇರಾ ಸ್ಟಿಕ್ಕನ್ನು ಗೇಟಿಗೆ ಒರಗಿಸಿದಳು. ಶಾಲುಗಳನ್ನು ಒಂದೊಂದಾಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. "ಕಾಕಾ, ಭಾಳ ಹಸಿವಿ ಆಗೇತಿ. ಅಜ್ಜಿ ಕಾಯಾಕತ್ತಾಳ," ಎಂದು ಒಳಗೆ ಹೋಗಿಬಿಟ್ಟಳು.

ನಾನು ಒಂದು ಕ್ಷಣ ಕಂಗಾಲಾಗಿ ನಿಂತೆ. ಆಮೇಲೆ ಬದುಕಿನಲ್ಲಿ ಮೊದಲ ಸಲ ಹೆಂಡತಿ ಹೇಳುವ ಮೊದಲೇ ಸರಿಯಾದ ಕೆಲಸ ಮಾಡಿದೆ. ಒಳಗೆ ಹೋಗಿ ಬಾಗಿಲ ಚಿಲಕ ಹಾಕಿದೆ.

ಅತ್ತೆ ಹುಡುಗಿಯ ಮುಖ ಸವರಿದರು, ತಲೆ ಸವರಿದರು, ಎರಡೂ ಕೈ ಹಿಡಿದುಕೊಂಡು ನೋಡಿ ಬೆಚ್ಚಿದರು. ಒಂದು ಕೈ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಎಡಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ ಬೆಳ್ಳಗೆ. "ಇದ್ಯಾಕ ಹಿಂಗವಾ?" ಎಂದರು. ಆ ಕೈಗೆ ಆಡುವಾಗಲೆಲ್ಲ ಗ್ಲೌಸ್ ಇರುತ್ತದೆ, ಅದಕ್ಕೆ ಬಿಸಿಲು ಹತ್ತುವುದಿಲ್ಲ ಎಂದು ಇರಾ ನಕ್ಕಳು. ಅತ್ತೆ ಕಪ್ಪು ಕೈಯನ್ನೇ ತಮ್ಮ ಕೆನ್ನೆಗೆ ಒತ್ತಿಕೊಂಡರು. ಸುಮಿತ್ರಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಂದಿಟ್ಟಳು. ಅತ್ತೆ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಇಡುತ್ತ ಹೋದರು, ಜಗತ್ತಿನ ಚಾಂಪಿಯನ್ನು ಹಕ್ಕಿಮರಿಯಂತೆ ಬಾಯಿ ತೆರೆಯುತ್ತ ಹೋಯಿತು.

"ಶಾಂತಿ ನಿನ್ನ ಆಟಾ ನೋಡಿದ್ಲೇನು?" ಎಂದು ಅತ್ತೆ ಕೇಳಿದರು.

"ದಿನಾ ಬರ್ತಿದ್ಲು ಅಜ್ಜಿ. ಬಿಸಲಾಗ ಕೊಡಿ ಹಿಡಕೊಂಡು ನಿಲ್ತಿದ್ಲು. ನಾ ಹೊಡದಕೂಡ್ಲೆ, 'ಎಲ್ಲಿ ಹೋತವಾ ಚೆಂಡು?' ಅಂತ ಕೇಳತಿದ್ಲು. ಒಂದ ದಿನಾನೂ ಅಕಿಗಿ ಚೆಂಡು ಕಾಣಲಿಲ್ಲ. ಕಡೀಕ ಕಡೀಕ ಅಕಿ ನನ್ನ ಮಾರಿ ನೋಡಿ, ಛಲೋ ಹೋತಂದ್ರ ಚಪ್ಪಾಳಿ ಬಾರಸ್ತಿದ್ಲು."

"ಸಾಲ್ಯಾಗೂ ಅಕಿಗಿ ಬೋರ್ಡು ಕಾಣ್ತಿದ್ದಿಲ್ಲ," ಎಂದರು ಅತ್ತೆ. "ನಾ ನೋಡಿ ಬರಕೊಟ್ಟಿದ್ದು ಅಕಿ ನೋಡಿ ಬರೀತಿದ್ಲು." ನಕ್ಕರು. ನಗುತ್ತಿದ್ದ ಹಾಗೆಯೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹುಬ್ಬಳ್ಳಿ ಸುದ್ದಿ ತಗೀತಿದ್ಲೇನು?"

"ನಮ್ಮಕ್ಕ ಎಷ್ಟ ಮುನಿಸ್ಕೊಂಡಾಳೋ ಏನೋ, ನೀನರೆ ಒಮ್ಮೆ ಹೋಗಿ ಉಂಡ ಬಾ ಅಂದಿದ್ಲು. ಅದಕ್ಕ ಬಂದೀನಿ."

ಅಡುಗೆಮನೆಯಲ್ಲಿ ಸುಮಿತ್ರಾ ರೊಟ್ಟಿ ಬಡಿಯುವ ಸದ್ದು ನಿಂತಿತು. ಇಂಥ ಮೌನ ನನಗೆ ಆಗಿಬರುವುದಿಲ್ಲ. ಮನೆಯ ಯಜಮಾನ, ಓದಿದವನು, ಏನಾದರೂ ಹೇಳಬೇಕು ಎನ್ನಿಸಿತು. ಇದಕ್ಕಾಗಿ ನಾನು ಮೊದಲೇ ತಯಾರಾಗಿದ್ದೆ. ಕಡೆಯ ಕುಳಿಯ ಹತ್ತಿರ ಮನಸ್ಸಿನ ಒತ್ತಡವನ್ನು ಹೇಗೆ ನಿಭಾಯಿಸಿದೆ ಎಂದು ಕೇಳಬೇಕೆಂದು ಒಳ್ಳೆಯ ಕನ್ನಡದಲ್ಲಿ ಒಂದು ವಾಕ್ಯ ಕಟ್ಟಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಹೊರಬಿದ್ದದ್ದು ಬೇರೆ.

"ಡಿಗ್ರಿ ಮುಗೀತೇನವಾ?"

"ಇಲ್ಲ ಕಾಕಾ. ನಡಬರಕ ಬಿಟ್ಟೀನ್ರಿ."

"ಬಿಡಬಾರದಿತ್ತು," ಎಂದೆ ನಾನು. ಒಮ್ಮೆ ಶುರುವಾದ ಮೇಲೆ ನನ್ನನ್ನು ತಡೆಯುವವರಾರು? "ಆಟಾ ಎಷ್ಟ ದಿನಾ? ಹೊರಗಿನಿಂದ ಕಟ್ಟಿ ಡಿಗ್ರಿ ಮುಗಿಸಿಬಿಡು. ವಯಸ್ಸು ಮೀರೂದ್ರಾಗ ಬ್ಯಾಂಕಿನ ಪರೀಕ್ಷಾ ಬರೀ. ಕ್ಲರ್ಕ್ ಅಂತ ಸೇರಿದ್ರೂ ಅಡ್ಡಿಲ್ಲ, ನಾ ಹಂಗ ಸೇರಿದವ. ಆಟಗಾರ್ರಿಗೆ ಒಂದೀಟು ಸವಲತ್ತು ಇರ್ತೈತಿ. ಈ ಕಪ್ಪು ಗಿಪ್ಪು ಎಲ್ಲಾ ಅರ್ಜಿಯೊಳಗ ತೋರಿಸಬಹುದು."

ಸುಮಿತ್ರಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಇರಾ ಮಾತ್ರ ಮುಖದ ಒಂದು ಗೆರೆಯೂ ಅಲುಗದಂತೆ ಕೇಳಿಸಿಕೊಂಡಳು. ತುತ್ತು ನುಂಗಿ, "ಪೆನ್ಶನ್ ಇರ್ತೈತೇನ್ರಿ ಕಾಕಾ?" ಎಂದಳು.

ಅದು ಚೇಷ್ಟೆಯೆಂದು ತಿಳಿಯುವಷ್ಟು ಬುದ್ಧಿ ಆ ಹೊತ್ತಿಗೆ ನನ್ನಲ್ಲಿರಲಿಲ್ಲ. ಹಳೆಯ ಪೆನ್ಶನ್ ಹೋಗಿ ಹೊಸದು ಬಂದದ್ದನ್ನೂ, ಎರಡಕ್ಕೂ ಇರುವ ವ್ಯತ್ಯಾಸವನ್ನೂ ಮೊಸರನ್ನ ಮುಗಿಯುವವರೆಗೆ ಜಗತ್ತಿನ ಚಾಂಪಿಯನ್ನಿಗೆ ವಿವರಿಸಿದೆ. ನಡುವೆ ಎರಡು ಸಲ ಬಯಲಿನ ತುದಿಯಿಂದ ಬಸಣ್ಣನ ಫೋನು ಬಂತು.

"ಸಾಹೇಬ್ರ, ನಾವು ಇನ್ನೂ ಹಿಂದ ಸರಿಬೇಕೇನ್ರಿ? ಹಿಂದ ಗೋಡೆ ಐತಿ."

"ಅಲ್ಲೇ ನಿಲ್ರಿ, ಅಕಿ ಗಾಳಿ ನೋಡಾಕತ್ತಾಳ," ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಊಟ ಮುಗಿಸಿ ಕೈತೊಳೆದುಕೊಂಡು ಇರಾ ಹೊರಗೆ ಬಂದಳು. ಚೆಂಡನ್ನು ನೆಲದ ಮೇಲಿಟ್ಟಳು. ಕಾಲು ಸರಿಮಾಡಿ ನಿಂತಳು. ಸ್ಟಿಕ್ಕು ಹೆಗಲ ಹಿಂದಕ್ಕೆ ಹೋಗಿ ಇಡೀ ಮೈಯೊಂದಿಗೆ ತಿರುಗಿ ಸೊಯ್ಯೆಂದು ಗಾಳಿ ಸೀಳಿ ಮತ್ತೆ ಹೆಗಲೇರಿತು. ಅದಕ್ಕಿಂತ ಚೆಂದದ್ದನ್ನು ನಾನು ಹತ್ತಿರದಿಂದ ನೋಡಿಲ್ಲ. ಬಯಲಿನ ತುದಿಯಲ್ಲಿ ಎಲ್ಲ ಬೆಂಕಿಕಡ್ಡಿಗಳೂ ಒಟ್ಟಿಗೆ ತಲೆ ಮೇಲಕ್ಕೆತ್ತಿದವು. ಆಕಾಶ ನೋಡಿದವು, ಎಡಕ್ಕೆ ವಾಲಿದವು, ಬಲಕ್ಕೆ ವಾಲಿದವು. ಆಮೇಲೆ ಹೋ ಎಂದು ಕೂಗಿ ಚಪ್ಪಾಳೆ. ಬ್ಯಾಂಜೊ ಕೂಡ ಮೊಳಗಿತು.

ಚೆಂಡು ಅವಳ ಕಾಲಬುಡದಲ್ಲೇ ಇತ್ತು. ಅವಳು ಅದನ್ನು ಮುಟ್ಟಿಯೇ ಇರಲಿಲ್ಲ. ಎತ್ತಿ ನನ್ನ ಕೈಗೆ ಕೊಟ್ಟು, "ಇಟ್ಕೊಳ್ರಿ ಕಾಕಾ," ಎಂದಳು. ನಾನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಮಂದಿ ಬೆವರು ಸುರಿಸುತ್ತ ಮರಳಿ ಬಂದಿತು. ಚೆಂಡು ತಮ್ಮ ತಲೆಯ ಮೇಲಿನಿಂದ ಗೋಡೆ ದಾಟಿ ಹೈವೇ ಕಡೆ ಹೋದದ್ದನ್ನು ಮಾಜಿ ಕಾರ್ಪೊರೇಟರು ಕಣ್ಣಾರೆ ಕಂಡಿದ್ದರು. ಬ್ಯಾಂಜೊದವನಿಗೆ ಅದರ ಗಾಳಿ ಕಿವಿಗೆ ತಾಗಿತ್ತು. ಬಸಣ್ಣನಂತೂ ಎಲ್ಲರ ಮಾತನ್ನೂ ಸುಳ್ಳು ಮಾಡಿ, ಜಾಲಿಗಿಡದ ಬುಡದಿಂದ ಯಾವುದೋ ಕಾಲದ, ಹೊಲಿಗೆ ಬಿಚ್ಚಿದ ಕ್ರಿಕೆಟ್ ಚೆಂಡೊಂದನ್ನು ಆರಿಸಿಕೊಂಡು ಬಂದಿದ್ದ. ಬಿಳಿ ಚೆಂಡು ಕೆಂಪಾದದ್ದು ಹೇಗೆಂದು ಯಾರೂ ಕೇಳಲಿಲ್ಲ. "ಎಂಥಾ ಹೊಡತಾ! ಹೊಲಿಗಿ ಹರದ ಬಿಟ್ಟೈತ್ರಿ," ಎಂದ. ಇರಾ ಗಂಭೀರವಾಗಿ ಅದರ ಮೇಲೆ ಸಹಿ ಹಾಕಿಕೊಟ್ಟಳು. ಅದು ಈಗ ಅವನ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಅವಳು ಕಾರು ಹತ್ತುವಾಗ ಬಸಣ್ಣ ಕಿಟಕಿಯಲ್ಲಿ ತಲೆ ಹಾಕಿ ಅವಳಿಗೆ ಏನೋ ಹೇಳಿದ. ಏನೆಂದು ನನಗೆ ಕೇಳಿಸಲಿಲ್ಲ. ಅತ್ತೆ ಕಾರು ತಿರುವು ದಾಟುವವರೆಗೂ ಗೇಟು ಹಿಡಿದುಕೊಂಡು ನಿಂತಿದ್ದರು. ಮರುದಿನದಿಂದ ತಂಗಿಯ ಹೆಸರು ಹೇಳಿ ಸುಮ್ಮನಾಗುವುದನ್ನು ಬಿಟ್ಟರು. ಹೆಸರು ಹೇಳಿದರೆ ಒಂದು ಕಥೆ ಮುಗಿಸಿಯೇ ಏಳುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧವನ್ನು ಬಸಣ್ಣನನ್ನು ಹಂಗಿಸಿ ನೆಮ್ಮದಿಯಿಂದ ಮುಗಿಸುತ್ತಿದ್ದೆ. ಆದರೆ ಕೆಲವು ವಾರಗಳ ಮೇಲೆ ಇರಾಳ ಒಂದು ಸಂದರ್ಶನ ಎಲ್ಲರ ಮೊಬೈಲಿಗೆ ಬಂತು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ನಿಮಗೆ ಸಿಕ್ಕ ಅತ್ಯಂತ ತಮಾಷೆಯ ಸಲಹೆ ಯಾವುದು ಎಂದು ಕೇಳಿದರು. ಅವಳು ನಕ್ಕು, ಗೆದ್ದ ಮೇಲೆ ಒಬ್ಬ ಅಂಕಲ್ ನನಗೆ, ಆಟ ಎಷ್ಟು ದಿನ, ವಯಸ್ಸು ಮೀರುವ ಮೊದಲು ಬ್ಯಾಂಕ್ ಪರೀಕ್ಷೆ ಬರೆ ಎಂದರು, ನಾನು ಇನ್ನೂ ಯೋಚಿಸುತ್ತಿದ್ದೇನೆ ಎಂದಳು. ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅದನ್ನು ಬ್ಯಾಂಕಿನ ಟಾಯ್ಲೆಟ್ಟಿನಲ್ಲಿ ನಿಂತು ನೋಡಿದೆ. ಯಾರಿಗೂ ತಿಳಿಯದಿರಲಿ ಎಂದು ಮನೆದೇವರಿಗೆ ಬೇಡಿಕೊಂಡೆ. ಆ ಬೇಡಿಕೆ ಸಂಜೆಯವರೆಗೆ ಮಾತ್ರ ಬಾಳಿತು. ಮನೆಗೆ ಬಂದರೆ ಬಸಣ್ಣ ಪೇಡೆಯ ಡಬ್ಬಿ ಹಿಡಿದು ಕೂತಿದ್ದ.

"ನೋಡಿದ್ರೇನ್ ಸಾಹೇಬ್ರ? ಜಗತ್ತಿನ ಮುಂದ ನನ್ನ ಹೆಸರ ತಗದಾಳ. ಆ ಅಂಕಲ್ ನಾನ!"

ನನಗೆ ಎಲ್ಲಿತ್ತೋ ಸಿಟ್ಟು. "ಅದ್ಹೆಂಗ ನೀವು? ಹೇಳಿದಂವ ನಾನ್ರಿ. ಇಲ್ಲೇ ಕೂತು ಹೇಳೀನಿ. ನಿಮ್ಮ ತಂಗಿ ಕೇಳ್ಯಾಳ, ನಿಮ್ಮವ್ವ ಕೇಳ್ಯಾಳ."

"ನೀವು ಏನ್ ಹೇಳೀರೋ ನನಗ ಗೊತ್ತಿಲ್ಲ. ನಾ ಕಾರಿನ ಹಂತ್ಯಾಕ ಹೇಳೀನಿ. ನೌಕರಿ ಒಂದ ಹಿಡಿಯವಾ, ನಮ್ಮ ಸಾಹೇಬ್ರ ಬ್ಯಾಂಕಿನ್ಯಾಗ ನೋಡು ಅಂದೀನಿ. ಅಂಕಲ್ ಅಂದ್ರ ಮಾಮಾ!"

"ಅಂಕಲ್ ಅಂದ್ರ ಕಾಕಾ!" ಎಂದು ನಾನು ಕೂಗಿದೆ. ಬ್ಯಾಂಕಿನಲ್ಲಿ ಸಹ ನಾನು ಅಷ್ಟು ಜೋರಾಗಿ ಮಾತಾಡಿದವನಲ್ಲ. ಇಂಗ್ಲಿಷರ ಮೇಲೆ ನನಗೆ ಆ ದಿನ ಬಂದಷ್ಟು ಸಿಟ್ಟು ಸ್ವಾತಂತ್ರ್ಯ ಹೋರಾಟಗಾರರಿಗೂ ಬಂದಿರಲಾರದು. ಅರ್ಧ ಜಗತ್ತನ್ನು ಆಳಿದ ಮಂದಿ ಕಾಕಾ ಮಾಮಾ ಎರಡಕ್ಕೂ ಒಂದೇ ಶಬ್ದ ಇಟ್ಟುಕೊಂಡು ಹೇಗೆ ಸಂಸಾರ ಮಾಡುತ್ತಾರೋ! ಅತ್ತೆ ಇಬ್ಬರನ್ನೂ ನೋಡಿ, "ಮೂರ್ಖ ಯಾರು ಅಂತ ಹಿಂಗ ಬಡದಾಡವ್ರನ್ನ ನಾ ಇವತ್ತ ನೋಡಿದೆ," ಎಂದು ಒಳಗೆ ಹೋದರು.

ಬಸಣ್ಣ ಊರೆಲ್ಲ ಸಾರಿದ. ಹೊಸ ಬ್ಯಾನರ್ ಹಾಕಿಸಿ ತನ್ನ ಹೆಸರಿನ ಕೆಳಗೆ 'ಆ ಅಂಕಲ್' ಎಂದು ಸೇರಿಸಿದ. ನನಗೆ ಅನ್ನ ಸೇರಲಿಲ್ಲ. ಕಡೆಗೆ ನನ್ನ ಕಾಟ ತಾಳದೆ ಸುಮಿತ್ರಾ ಇರಾಗೆ ಫೋನು ಹಚ್ಚಿದಳು. ಹಿತ್ತಲಲ್ಲಿ ನಿಂತು ಬಹಳ ಹೊತ್ತು ಮಾತಾಡಿ, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಬಂದಳು.

"ಏನಂದ್ಲು? ಕಾಕಾ ಹೌದಲ್ಲ?"

"ಪುಣೆದಾಗ ಅವ್ರ ಕೆಳಗಿನ ಮನಿ ಅಂಕಲ್ ಅಂತ ಅದು. ರಿಟೈರ್ಡ್ ಮನಿಷ್ಯಾ. ಗೆದ್ದ ಮರುದಿನಾನ ಫೋನ್ ಮಾಡಿ ಹೇಳಿದ್ರಂತ. 'ಕಾಕಾ ಹೇಳಿದ್ದೂ ನೆನಪೈತಿ ಮೌಶಿ, ಎಲ್ಲಾರೂ ಅದನ್ನ ಹೇಳ್ತಾರ' ಅಂದ್ಲು." ಸುಮಿತ್ರಾ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಗತೊಡಗಿದಳು. ಆಮೇಲೆ, "ಅಣ್ಣಗ ಹೇಳಬ್ಯಾಡ್ರಿ, ಪಾಪ. ಬ್ಯಾನರ್ ಹೊಸಾದು ಹಾಕ್ಸ್ಯಾನ," ಎಂದಳು.

ನಾನು ಹೇಳಲಿಲ್ಲ. ನಾನೇನು ಅವನಷ್ಟು ಸಣ್ಣ ಮನುಷ್ಯನೇ? ಮರುದಿನ ಬ್ಯಾಂಕಿಗೆ ಹೋಗಿ ಕೂತೆ. ಮನೆ ಸಾಲಕ್ಕೆಂದು ಧಾರವಾಡದಿಂದ ಒಬ್ಬ ಮಾಸ್ತರರು ಬಂದಿದ್ದರು. ಕಾಗದ ಪತ್ರ ನೋಡಿ ಇನ್ನೇನು ಇಲ್ಲ ಎನ್ನಬೇಕು, ಅಷ್ಟರಲ್ಲಿ ಅವರು ಮೆಲ್ಲಗೆ, "ಆ ಗಾಲ್ಫ್ ಹುಡಿಗಿ ನಿಮ್ಮ ಪೈಕಿ ಅಂತಲ್ರಿ ಸರ್? ಆ ವಿಡಿಯೋದಾಗ ಅಂಕಲ್ ಅಂತಾಳಲ್ಲ, ಯಾರ್ರಿ ಅಂವ ಮಹಾಪುರುಷ?" ಎಂದು ಕೇಳಿದರು.

ನಾನು ಕನ್ನಡಕ ತೆಗೆದು ಒರೆಸಿದೆ. ಅವರ ಕಾಗದಗಳನ್ನು ಪಕ್ಕಕ್ಕೆ ಸರಿಸಿದೆ. ಎರಡು ಚಾ ಹೇಳಿದೆ.

"ಅಂಕಲ್ ಅಲ್ರಿ ಮಾಸ್ತರ, ಕಾಕಾ," ಎಂದೆ. "ಇಂಗ್ಲಿಷಿನ್ಯಾಗ ಆ ಶಬ್ದ ಇಲ್ಲ, ಪಾಪ ಅಕಿ ಏನ್ ಮಾಡ್ಯಾಳು? ಆರಾಮ ಕೂಡ್ರಿ, ಅವತ್ತ ಏನಾತು ಹೇಳ್ತೀನಿ."